ಜಗಳೂರಿನಲ್ಲಿ 504

ಬೆಳೆ ವಿಮೆಗೆ ಕೊನೆಯ ದಿನ. ರಾತ್ರಿ ಒಂಬತ್ತು ಗಂಟೆ. ಜಗಳೂರಿನ ಸೇವಾ ಕೇಂದ್ರದ ಮುಂದಿನ ಸಾಲು ರಸ್ತೆಗೆ ಇಳಿದಿದೆ. ಮಳೆ ಯಾವಾಗ ಕೈಕೊಡುತ್ತದೋ ಹೇಳಲಾಗದ ಸೀಮೆ ಇದು. ಮುಂಗಾರಿನ ಮೆಕ್ಕೆಜೋಳಕ್ಕೆ ವಿಮಾ ಮೊತ್ತದ ಶೇ 2ರಷ್ಟು ಕಟ್ಟಿದರೆ ರೈತನಿಗೆ ಒಂದು ಆಸರೆ. ಕಟ್ಟಬೇಕು, ಹನ್ನೆರಡರೊಳಗೆ!

ಪರದೆ ಥಟ್ಟನೆ ಬೆಳ್ಳಗಾಯಿತು. 503.

ಆಪರೇಟರುಗಳ ವಾಟ್ಸಾಪ್ ಗುಂಪಿನಲ್ಲಿ ಬೊಬ್ಬೆ ಎದ್ದಿತು. ಹೊನ್ನಾಳಿಯಲ್ಲಿ 401. ನ್ಯಾಮತಿಯಲ್ಲಿ 404. ಚನ್ನಗಿರಿಯಲ್ಲಿ ಅಡಿಕೆಗೆ ಶೇ 5ರ ಕಂತು ಹಿಡಿದು ನಿಂತವರ ಎದುರು 403. ಎಲ್ಲರ ಬಾಯಲ್ಲೂ ಒಂದೇ ಮಾತು: ಸರ್ವರ್ ಡೌನ್!

ಅಲ್ಲವೇ ಅಲ್ಲ. ಸರ್ವರ್ ಪೂರ್ತಿ ನೆಲಕಚ್ಚಿದ್ದರೆ ಯಾವ ಸಂಖ್ಯೆಯೂ ಬರುತ್ತಿರಲಿಲ್ಲ. 4ರಿಂದ ಶುರುವಾದರೆ ತೊಡಕು ನಮ್ಮ ಕೋರಿಕೆಯಲ್ಲಿ, 5ರಿಂದಾದರೆ ಅವರ ಕಡೆ. ಇಷ್ಟು ಗೊತ್ತಿಲ್ಲದೆ ರೈತರನ್ನು ವಾಪಸ್ ಕಳಿಸುವುದು ಅನ್ಯಾಯ. ಜಗಳೂರಿನ ಕೇಂದ್ರದ ಆಪರೇಟರ್ ಹುಡುಗ ಗುಂಪಿಗೆ ಅದನ್ನೇ ಬರೆದ. ಹೊನ್ನಾಳಿಯವನು ಮತ್ತೆ ಲಾಗಿನ್ ಆದ, ದಾರಿ ತೆರೆಯಿತು. ನ್ಯಾಮತಿಯವನು ಹಳೆಯ ಲಿಂಕ್ ಬಿಟ್ಟು ಮುಖಪುಟದಿಂದ ಹೊಕ್ಕ. ಚನ್ನಗಿರಿಯವನ ಗುರುತು ಸರ್ವರಿಗೆ ಗೊತ್ತು, ಅನುಮತಿಯಿಲ್ಲ ಅಷ್ಟೆ. ಎಷ್ಟು ಸಲ ಒತ್ತಿದರೂ 403 ಕದಲದು. ಅವನು ಅಧಿಕಾರ ಕೊಡುವವರಿಗೆ ಫೋನ್ ಹಚ್ಚಿದ.

ಜಗಳೂರಿನದು ಬೇರೆ ಸಂಕಟ. 503 ಎಂದರೆ ಸರ್ವರಿಗೆ ಸದ್ಯ ಕೈ ತುಂಬ ಕೆಲಸ, ತಾಳಿ ಬಾ ಎಂದರ್ಥ. ಎಲ್ಲರೂ ರಿಫ್ರೆಶ್ ಒತ್ತಿದಷ್ಟೂ ಅದರ ಹೊರೆ ಏರುತ್ತದೆ. ಹುಡುಗ ಕೈಕಟ್ಟಿ ಕೂತ. ಹೊರಗೆ ಬೈಗುಳ. ಹತ್ತೂವರೆಗೆ ಪುಟ ತೆರೆಯಿತು! ರೈತ ನೋಂದಣಿಯ ಫ್ರೂಟ್ಸ್ ಐಡಿ, ಸರ್ವೆ ನಂಬರ್, ಆಧಾರ್, ಬ್ಯಾಂಕ್ ಖಾತೆ, ಬೆರಳುಗಳು ಓಡಿದವು. ಸಾಲಿನ ಮುಂದಿದ್ದ ಅಜ್ಜನ ಕಂತು ಕಟ್ಟಲು ಒತ್ತಿದ. ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು.

504.

"ಇನ್ನೊಂದ್ ಸಲ ಒತ್ತಿಬಿಡೋ ತಮ್ಮಾ!"

ಬೆರಳು ಮೌಸಿನ ಮೇಲೆ ನಡುಗಿತು. ಸಂಖ್ಯೆಗಳಲ್ಲೆಲ್ಲ ಮೋಸದ್ದು ಇದೇ. 502 ಆಗಿದ್ದರೆ ಒಳಗಿನ ಯಂತ್ರದಿಂದ ಬಂದ ಉತ್ತರವೇ ಕೆಟ್ಟಿತ್ತು ಎನ್ನಬಹುದು. 504ರಲ್ಲಿ ಮುಂಬಾಗಿಲ ಸರ್ವರ್ ಕಾದು ಕಾದು ಕೈಚೆಲ್ಲಿದೆ. ಒಳಗೆ ಕೆಲಸ ಮುಗಿದಿರಬಹುದು, ಮುಗಿಯದೆಯೂ ಇರಬಹುದು!

"ತಡಿ ಅಜ್ಜಾ, ರೊಕ್ಕ ಹೋಗೇತೋ ಇಲ್ಲೋ ಮೊದ್ಲು ನೋಡಾನ."

ಬ್ಯಾಂಕಿನ ಮೆಸೇಜ್: ಹಣ ಕಡಿತ. ಅರ್ಜಿ ಸ್ಥಿತಿಯ ಪುಟ: ಖಾಲಿ. ಗಂಟೆ ಹನ್ನೊಂದು. ಮತ್ತೊಮ್ಮೆ ನೋಡಿದ, ಖಾಲಿ. ಹನ್ನೊಂದೂಕಾಲು. ಒತ್ತಿದರೆ ಎರಡನೇ ಕಂತೂ ಹೋದೀತು. ಒತ್ತದಿದ್ದರೆ ವಿಮೆಯೇ ತಪ್ಪೀತು. ಹನ್ನೊಂದೂವರೆ. ಪುಟ ಮತ್ತೆ ತೆರೆಯಿತು. ಅಜ್ಜನ ಹೆಸರು, ಸರ್ವೆ ನಂಬರ್, ಪಕ್ಕದಲ್ಲಿ ಅರ್ಜಿ ಸಂಖ್ಯೆ!

ಪ್ರಿಂಟರ್ ಕಿರುಗುಟ್ಟಿತು. ಹುಡುಗ ರಸೀದಿಯನ್ನು ಅಜ್ಜನ ಕೈಗಿಟ್ಟು, ಸಾಲಿನತ್ತ ಕೂಗಿದ: "ಮುಂದಿನವ್ರು ಬರ್ರಿ, ಅರ್ಧ ತಾಸು ಐತಿ!"