ಕಾಲ್ ಲೆಟರ್ ಬಾರದ ವರ್ಷ

ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದಿ 2009ರಲ್ಲಿ ಕಾಲೇಜು ಮುಗಿಸಿದವಳು ನಾನು. ಕೊನೆಯ ವರ್ಷ ಶುರುವಾಗುವ ಹೊತ್ತಿಗೇ ಸಾಫ್ಟ್‌ವೇರ್ ಕಂಪನಿಯೊಂದು ಬಂದು, ಮೆಕ್ಯಾನಿಕಲ್, ಸಿವಿಲ್ ಎನ್ನದೆ ಎಲ್ಲರನ್ನೂ ಒಂದೇ ಆಪ್ಟಿಟ್ಯೂಡ್ ಪರೀಕ್ಷೆಗೆ ಕೂರಿಸಿ ಆರಿಸಿಕೊಂಡಿತ್ತು. ಆಫರ್ ಲೆಟರ್ ಸಿಕ್ಕ ಮೇಲೆ ಯಾವ ವಿಭಾಗ ಹಿಡಿಯಬೇಕೆಂಬ ಮಾತೇ ನಮ್ಮ ತರಗತಿಯಲ್ಲಿ ನಿಂತುಹೋಯಿತು. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಬ್ಯಾಂಕ್ ದಿವಾಳಿಯಾಯಿತು, ಅದರ ಪೆಟ್ಟು ಸಾಫ್ಟ್‌ವೇರ್ ಕಂಪನಿಗಳಿಗೂ ತಟ್ಟಿತು. ಮುಂದಿನ ಬೇಸಿಗೆಗೆ ನಮ್ಮ ಪರೀಕ್ಷೆ ಮುಗಿಯಿತು, ಕೆಲಸಕ್ಕೆ ಸೇರಲು ಕರೆಯುವ ಕಾಲ್ ಲೆಟರ್ ಮಾತ್ರ ಬರಲಿಲ್ಲ.

ತಿಪಟೂರಿನ ಹತ್ತಿರ ನಮ್ಮೂರು. ತೋಟದ ದಾರಿಯಲ್ಲಿ ಎದುರಾದವರೆಲ್ಲ "ಇನ್ನೂ ಕರೆದಿಲ್ವೇನವ್ವಾ?" ಎನ್ನುತ್ತಿದ್ದರು. ದೊಡ್ಡಮ್ಮ ಎರಡು ಜಾತಕ ತಂದಿಟ್ಟರು. ಗೆಳತಿಯರಲ್ಲಿ ಒಬ್ಬಳು ಎಂಬೆಡೆಡ್ ಕೋರ್ಸಿಗೆ ಸೇರು ಎಂದಳು, ಇನ್ನೊಬ್ಬಳು ನೆಟ್‌ವರ್ಕಿಂಗ್ ಎಂದಳು, ಮತ್ತೊಬ್ಬಳು ಎಂ.ಟೆಕ್ ಸೇರಲು ಗೇಟ್ ಪರೀಕ್ಷೆ ಬರೆ ಎಂದಳು. ಇವುಗಳಲ್ಲಿ ಯಾವ ಕೆಲಸವನ್ನೂ ನಾವು ಕಣ್ಣಾರೆ ಕಂಡಿರಲಿಲ್ಲ. ಕಾಣದ ಕೆಲಸವನ್ನು ಹೆಸರು ಕೇಳಿ ಆರಿಸಿಕೊಳ್ಳಬೇಕಾದ ಆ ಸಂಕಟಕ್ಕೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಸೀನಿಯರ್ ಅಕ್ಕ ಒಬ್ಬರಿಗೆ ಫೋನ್ ಮಾಡಿದಾಗ ಅವರು ಬೇರೆಯದನ್ನೇ ಕೇಳಿದರು: "ಲ್ಯಾಬಿನಲ್ಲಿ ನಿನಗೆ ಯಾವುದು ಖುಷಿ ಕೊಡ್ತಿತ್ತು?" ನಮ್ಮ ಪ್ರಾಜೆಕ್ಟಿನ 8051 ಮೈಕ್ರೋಕಂಟ್ರೋಲರ್ ಬೋರ್ಡು ಕೈಕೊಟ್ಟಾಗ ಆಸಿಲೋಸ್ಕೋಪಿನ ಪ್ರೋಬ್ ಹಿಡಿದು ಪಿನ್ನಿನಿಂದ ಪಿನ್ನಿಗೆ ದೋಷ ಹುಡುಕುತ್ತಾ ಊಟ ಮರೆತದ್ದನ್ನು ಹೇಳಿದೆ. "ಹಾಗಾದ್ರೆ ವೆರಿಫಿಕೇಷನ್ ನೋಡು" ಎಂದರು. ಚಿಪ್ಪಿನ ವಿನ್ಯಾಸವನ್ನು ತಯಾರಿಕೆಗೆ ಕಳಿಸುವ ಮುನ್ನವೇ ಅದರ ತಪ್ಪುಗಳನ್ನು ಹಿಡಿಯುವ ಕೆಲಸ ಅದು. ಸಿಲಿಕಾನಿಗೆ ಇಳಿದ ಮೇಲೆ ಸಾಫ್ಟ್‌ವೇರಿನಂತೆ ಸುಲಭವಾಗಿ ತಿದ್ದಲು ಬರುವುದಿಲ್ಲ. 1994ರಲ್ಲಿ ಪೆಂಟಿಯಂ ಪ್ರೊಸೆಸರಿನ ಭಾಗಾಕಾರದ ದೋಷ ಬಯಲಾದಾಗ ಇಂಟೆಲ್ 47.5 ಕೋಟಿ ಡಾಲರ್ ನಷ್ಟ ಹೊತ್ತುಕೊಳ್ಳಬೇಕಾಯಿತು. ನಾಲ್ಕು ವರ್ಷ ಓದಿ, ಚಿಪ್ಪಿನ ಒಳಜೋಡಣೆಯ ಸ್ಟಿಕ್ ಡಯಾಗ್ರಾಂ ಬಿಡಿಸಿದ ನಮಗೆ ಇಂಥದೊಂದು ಕಸುಬು ಇದೆಯೆಂದು ಯಾರೂ ಹೇಳಿರಲಿಲ್ಲ. ಇದು ನನಗೆ ಇಂದಿಗೂ ನೋವಿನ ವಿಷಯ.

ಅಮ್ಮ ತನ್ನ ಸರವನ್ನು ಸೊಸೈಟಿಯಲ್ಲಿ ಅಡವಿಟ್ಟು ವೆರಿಫಿಕೇಷನ್ ತರಬೇತಿಯ ಫೀಸು ಕಟ್ಟಿದಳು. ಬೆಂಗಳೂರಿನ ಪಿಜಿಯಲ್ಲಿ ಮೂವರ ರೂಮು, ಮಧ್ಯಾಹ್ನದ ಊಟವಿಲ್ಲ. ಹಗಲು ಚಿಪ್ ವಿನ್ಯಾಸದ ಭಾಷೆ ವೆರಿಲಾಗ್, ಸಂಜೆ ಇಂಟರ್‌ವ್ಯೂಗಳಿಗೆ ತಯಾರಿ. ಸೆಟಪ್ ಟೈಮ್, ಹೋಲ್ಡ್ ಟೈಮ್, ಫಿಫೋ ಆಳ ಎಲ್ಲ ಬಾಯಿಗೆ ಬಂದಿದ್ದವು. ಆದರೆ ಮಾತು ಸರ್ಕ್ಯೂಟಿಗೆ ಬರುವ ಮೊದಲೇ "ಎಂ.ಟೆಕ್ ಮಾಡಿಲ್ವಾ?" "ಅನುಭವ ಇಲ್ವಾ?" ಎಂದು ಕೇಳಿ ಕಳಿಸುತ್ತಿದ್ದರು. ಅನುಭವ ಕೊಡುವವರು ಯಾರೆಂದು ಎಲ್ಲಿ ಕೇಳುವುದು? ಮನೆಗೆ ಫೋನ್ ಮಾಡಿದಾಗ ಊಟ ಆಯಿತು ಎಂದೇ ಹೇಳುತ್ತಿದ್ದೆ.

ಒಂದು ಸಣ್ಣ ಕಂಪನಿಯಲ್ಲಿ ಮಾತ್ರ ಪದವಿ ಕೇಳದೆ ಬಿಳಿ ಹಾಳೆ ಕೊಟ್ಟರು. ಕ್ಲಾಕನ್ನು ಮೂರರಿಂದ ಭಾಗಿಸಬೇಕು, ಡ್ಯೂಟಿ ಸೈಕಲ್ ಶೇ. 50 ಇರಬೇಕು. ಮೂರು ಸೈಕಲ್ಲಿನಲ್ಲಿ ಒಂದು ಸೈಕಲ್ ಮಾತ್ರ ಮೇಲಿರುವ ಸಿಗ್ನಲ್ ಮಾಡಿಕೊಂಡೆ. ಅದನ್ನೇ ಕ್ಲಾಕಿನ ಇಳಿಯುವ ಅಂಚಿನಲ್ಲಿ ಮತ್ತೊಂದು ಫ್ಲಿಪ್‌ಫ್ಲಾಪಿಗೆ ಕೊಟ್ಟು ಅರ್ಧ ಸೈಕಲ್ ತಡಮಾಡಿಸಿ, ಎರಡನ್ನೂ ಆರ್ ಗೇಟಿಗೆ ಕಟ್ಟಿದೆ. ಒಂದೂವರೆ ಸೈಕಲ್ ಮೇಲೆ, ಒಂದೂವರೆ ಕೆಳಗೆ. "ಇದು ಸರಿ ಅಂತ ಹೇಗೆ ಗೊತ್ತು?" ಎಂದರು. ರೀಸೆಟ್ ಎಲ್ಲೆಲ್ಲಿ ಬಂದರೆ ಕೆಡಬಹುದು ಎಂದು ಒಂದೊಂದಾಗಿ ಬರೆಯುತ್ತಾ ಹೋದೆ. ಟ್ರೈನಿಯಾಗಿ ತೆಗೆದುಕೊಂಡರು. ಪಿಜಿ ಬಾಡಿಗೆ ಕಳೆದರೆ ಹೆಚ್ಚೇನೂ ಉಳಿಯದಷ್ಟು ಸ್ಟೈಪೆಂಡ್.

ಅಷ್ಟರಲ್ಲಿ, 2010ರಲ್ಲಿ, ಆ ಸಾಫ್ಟ್‌ವೇರ್ ಕಂಪನಿಯ ಕಾಲ್ ಲೆಟರ್ ಬಂತು. ಸಂಬಳ ನನ್ನ ಸ್ಟೈಪೆಂಡಿನ ಎರಡರಷ್ಟಕ್ಕಿಂತ ಹೆಚ್ಚು. ಸರ ಇನ್ನೂ ಸೊಸೈಟಿಯಲ್ಲೇ ಇತ್ತು. ಅಪ್ಪನಿಗೆ ಹೇಳುವಾಗ ಗಂಟಲು ಕಟ್ಟಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲಸ ಮಾಡೋಳು ನೀನು. ಯಾವುದು ಬೇಕೋ ಅದನ್ನ ಹೇಳು, ಸೊಸೈಟಿ ವಿಚಾರ ನಾನು ನೋಡ್ಕೋತೀನಿ" ಎಂದರು. ಸೇರುವುದಿಲ್ಲ ಎಂದು ಆ ಸಾಫ್ಟ್‌ವೇರ್ ಕಂಪನಿಗೆ ಬರೆದು ಕಳಿಸಿದೆ.

ಮೊದಲು ಸಿಕ್ಕಿದ್ದು ಯುಎಆರ್‌ಟಿ ಎಂಬ ಸೀರಿಯಲ್ ಸಂವಹನದ ಬ್ಲಾಕೊಂದಕ್ಕೆ ಟೆಸ್ಟ್ ಬರೆಯುವ ಕೆಲಸ. ಕೆಲವೇ ವಾರಗಳಲ್ಲಿ ಪ್ಯಾರಿಟಿ ತಪ್ಪಿಹೋಗುವ ಒಂದು ಸಂದರ್ಭ ಸಿಕ್ಕಿತು. ನನಗಿಂತ ಹತ್ತಾರು ವರ್ಷ ಹಿರಿಯರಾದ ಡಿಸೈನರ್ ಪಕ್ಕದಲ್ಲಿ ಕೂತು ವೇವ್‌ಫಾರ್ಮ್ ನೋಡಿದರು, ಹೌದು ಎಂದರು, ಎದ್ದುಹೋಗಿ ಕೋಡ್ ತಿದ್ದಿದರು.