ಕಾಣದ ಕೈ ಹಾಕಿದ ಅಗುಳಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಮನೆಗೂ ಇಂದು ಅಂತರ್ಜಾಲವು ಬಂದಿರುವುದಷ್ಟೆ. ಅದರ ಬಾಗಿಲುಗಳನ್ನು ಯಾರು, ಹೇಗೆ ಮುಚ್ಚುವರೆಂಬುದನ್ನು ಮಾತ್ರ ಗೃಹಸ್ಥರು ವಿಚಾರಿಸಿದ್ದು ಕಡಿಮೆ. 2020ರ ಜೂನ್ 29ರಂದು ಸರಕಾರವು ಟಿಕ್‌ಟಾಕ್ ಮೊದಲಾದ 59 ಆ್ಯಪುಗಳನ್ನು ನಿಷೇಧಿಸಿದಾಗ, "ಅಜ್ಜಾ, ಇದು ಹ್ಯಾಂಗ ಬಂದ್ ಆತು?" ಎಂದು ಓಣಿಯ ಹುಡುಗರು ನಮ್ಮನ್ನು ಕೇಳಿದ್ದರು. ಪ್ರಶ್ನೆಯು ದೊಡ್ಡವರಿಗೂ ಒಪ್ಪುವಂತಹದು.

ಪ್ರತಿಯೊಂದು ಜಾಲತಾಣಕ್ಕೂ ಒಂದು ಹೆಸರು, ಒಂದು ಅಂಕೆ ಉಂಟು. ನಾವು ಹೆಸರನ್ನು ಬರೆದರೆ ಸೇವೆ ಒದಗಿಸುವ ಕಂಪನಿಯ ಯಂತ್ರವು ತನ್ನ ಪಟ್ಟಿಯಿಂದ ಅಂಕೆಯನ್ನು ಹುಡುಕಿ ದಾರಿ ತೋರಿಸುತ್ತದೆ. ನಿಷೇಧದ ಆಜ್ಞೆ ಬಂದರೆ ಆ ಯಂತ್ರವು ಅಂಕೆಯನ್ನು ಹೇಳದು, ಇಲ್ಲವೆ ತಪ್ಪು ಅಂಕೆಯನ್ನು ಹೇಳುವುದು. ಟಪಾಲಿನವನು ಲಕೋಟೆಯನ್ನು ಒಡೆಯದೆ ವಿಳಾಸವನ್ನು ಮಾತ್ರ ನೋಡಿ ತಡೆಹಿಡಿದಂತೆ, ನಡುದಾರಿಯಲ್ಲಿ ತಡೆಯುವ ಕ್ರಮವೂ ಉಂಟು.

ಇದಕ್ಕೆ ಆಧಾರವು 2000ದ ಮಾಹಿತಿ ತಂತ್ರಜ್ಞಾನ ಕಾಯದೆಯ 69ಎ ಕಲಮು ಮತ್ತು 2009ರ ನಿಯಮಗಳು. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳಿದ್ದರೆ ಮಾತ್ರ ನಿಷೇಧಿಸಬೇಕು. ತುರ್ತು ಪ್ರಸಂಗವನ್ನು ಬಿಟ್ಟರೆ, ಉತ್ತರ ಹೇಳಲು ಕನಿಷ್ಠ 48 ತಾಸು ಕೊಡಬೇಕು. ಇದು ನ್ಯಾಯವೇ. ಆದರೆ 16ನೆಯ ನಿಯಮವು ದೂರನ್ನೂ ಕ್ರಮವನ್ನೂ ಗುಪ್ತವಾಗಿಡಬೇಕೆನ್ನುತ್ತದೆ. ಊರಿಗೆ ಊರೇ ಅಂತರ್ಜಾಲವನ್ನು ನಿಲ್ಲಿಸುವ ಆಜ್ಞೆಗಳನ್ನು ಪ್ರಕಟಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಜನವರಿ 10ರಂದು ಹೇಳಿತು. ಊರನ್ನೇ ಮುಚ್ಚುವ ಆಜ್ಞೆಯು ಬಹಿರಂಗವಾಗಬೇಕು. ಒಂದು ಪುಟವನ್ನು ಮುಚ್ಚುವ ಆಜ್ಞೆಯು ಗುಟ್ಟಾಗಿರಬೇಕು! ಇದೆಂತಹ ತರ್ಕ?

ನಮ್ಮ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿದ್ದ ಕಾಲದಲ್ಲಿ, 1878ರಲ್ಲಿ, ಲಾರ್ಡ್ ಲಿಟ್ಟನ್ನನು ದೇಶಭಾಷಾ ಪತ್ರಿಕೆಗಳಿಗೆ ಮಾತ್ರ ಅಂಕುಶ ಹಾಕುವ ಕಾಯದೆಯನ್ನು ತಂದನು. ಇಂಗ್ಲಿಷ್ ಪತ್ರಿಕೆಗಳಿಗೆ ಅದು ತಗಲಲಿಲ್ಲ. ಆ ಅನ್ಯಾಯವು 1882ರಲ್ಲಿ ರದ್ದಾಯಿತು. ಆದರೂ ಮುಚ್ಚಳಿಕೆ ಬರೆದುಕೊಡುವ ಮುದ್ರಕನಿಗೆ ತನ್ನನ್ನು ಕಟ್ಟಿದವರು ಯಾರೆಂಬುದು ತಿಳಿದಿರುತ್ತಿತ್ತು. ಅದು ಕಣ್ಣಿಗೆ ಕಾಣುವ ಅನ್ಯಾಯವಾದ್ದರಿಂದಲೇ ಅದರ ವಿರುದ್ಧ ಕೂಗೆದ್ದಿತು. ಇಂದಿನ ಓದುಗನಿಗಾದರೋ ಪುಟವು ತೆರೆಯದಿದ್ದಾಗ ಯಂತ್ರ ಕೆಟ್ಟಿತೋ, ಆಜ್ಞೆಯಾಯಿತೋ ಎಂಬುದೇ ಎಷ್ಟೋ ವೇಳೆ ತಿಳಿಯದು.

ನಿಷೇಧವೇ ಬೇಡವೆಂದು ನಾವು ಹೇಳುವುದಿಲ್ಲ. ಸುಳ್ಳು ಸುದ್ದಿಯೊಂದು ನೆರೆಹೊರೆಯವರ ನಡುವೆ ಬೆಂಕಿ ಹಚ್ಚಬಲ್ಲದು. ಅದನ್ನು ಆರಿಸುವುದು ರಾಜಧರ್ಮ. ಆದರೆ ಶಿಕ್ಷಿಸುವ ಗುರುವು ತಪ್ಪನ್ನು ತಿಳಿಸಿಯೇ ಶಿಕ್ಷಿಸಬೇಕು. ಇಲ್ಲವಾದರೆ ಶಿಷ್ಯನು ಭಯವನ್ನು ಕಲಿಯುವನು, ವಿವೇಕವನ್ನಲ್ಲ. ಪ್ರಜೆಗಳ ವಿಷಯದಲ್ಲಿಯೂ ಅಷ್ಟೆ. ಕಾರಣವನ್ನು ವಿನಯದಿಂದ ಕೇಳುವುದು ದ್ರೋಹವಲ್ಲವೆಂದು ತಂದೆತಾಯಿಗಳು ಮಕ್ಕಳಿಗೆ ಮನೆಯಲ್ಲಿಯೇ ಕಲಿಸತಕ್ಕದ್ದು.