ಕೊನೇ ಪುಟ ಮೊದಲು

ನಮ್ಮ ಅತ್ತೆಯವರಿಗೆ ಒಂದು ಅಭ್ಯಾಸವಿತ್ತು. ಲೈಬ್ರರಿಯಿಂದ ಕಾದಂಬರಿ ತಂದುಕೊಟ್ಟರೆ ಮೊದಲು ಕೊನೇ ಪುಟ ತೆಗೆದು ನೋಡುವುದು. ನಾಯಕ ನಾಯಕಿ ಒಂದಾಗಿದ್ದರೆ ಸರಿ, ಕನ್ನಡಕ ಏರಿಸಿ ಮೊದಲ ಪುಟಕ್ಕೆ ಬರುವರು. ಯಾರಾದರೂ ಸತ್ತಿದ್ದರೋ, "ವಾಪಸ್ ಕೊಟ್ಬಿಡೇ, ಅಳೋದಕ್ಕೂ ಬಾಡಿಗೆ ಕೊಡ್ಬೇಕಾ?" ಎನ್ನುವರು. ಆಗ ದಿನಕ್ಕೆ 10 ಪೈಸೆ ಬಾಡಿಗೆ. ಅದೂ ತರಕಾರಿ ದುಡ್ಡಿನಲ್ಲಿ ಉಳಿಸಿದ್ದು!

1970ರ ಸುಮಾರಿನ ಮಾತು. ನಾನು ಮದುವೆಯಾಗಿ ಆ ವಠಾರಕ್ಕೆ ಬಂದ ಹೊಸದು. ಮಧ್ಯಾಹ್ನ ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ನಾಲ್ಕು ಮನೆಯ ಹೆಂಗಸರು ಜಗುಲಿಯಲ್ಲಿ ಸೇರುತ್ತಿದ್ದೆವು. ಕೈಯಲ್ಲಿ ಹುರುಳಿಕಾಯಿ, ಬಾಯಲ್ಲಿ ಕಾದಂಬರಿ. ಅಂಗಡಿಯವನಿಗೆ ಎಲ್ಲವೂ 'ಸಾಮಾಜಿಕ ಕಾದಂಬರಿ'. ನಮಗೆ ಹಾಗಲ್ಲ. ಮದುವೆಯ ತನಕ ನಡೆದರೆ ಪ್ರೇಮದ ಕಥೆ, ಮದುವೆಯ ಮೇಲೆ ಶುರುವಾದರೆ ಸಂಸಾರದ ಕಥೆ, ಓದಿ ಮೂರು ದಿನ ನಿದ್ದೆ ಬಾರದಿದ್ದರೆ 'ತ್ರಿವೇಣಿ ಥರದ್ದು'. ಯಾರೂ ಹೇಳಿಕೊಟ್ಟದ್ದಲ್ಲ, ನಾವೇ ಮಾಡಿಕೊಂಡ ವಿಂಗಡಣೆ.

ದೊಡ್ಡ ಜಗಳ ನಡೆದದ್ದು ತ್ರಿವೇಣಿಯವರ 'ಬೆಳ್ಳಿಮೋಡ'ದ ಮೇಲೆ. ಪುಟ್ಟಣ್ಣ ಕಣಗಾಲರು 1967ರಲ್ಲಿ ಅದನ್ನು ಸಿನಿಮಾ ಮಾಡಿದ್ದರು, ಕಲ್ಪನಾ ನಾಯಕಿ. ಆಸ್ತಿಯ ಆಸೆಗೆ ಇಂದಿರೆಯನ್ನು ಒಪ್ಪಿದ ಹುಡುಗ, ಅವಳಿಗೊಬ್ಬ ತಮ್ಮ ಹುಟ್ಟಿದೊಡನೆ ಬೇಡವೆನ್ನುತ್ತಾನೆ. ಆಮೇಲೆ ಅವನು ಪೆಟ್ಟಾಗಿ ಮಲಗಿದಾಗ ಅವಳೇ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ಕರಗುತ್ತದೆ, ಮದುವೆಯಾಗೋಣ ಎನ್ನುತ್ತಾನೆ. ಈಗ ಅವಳು ಒಪ್ಪುವುದಿಲ್ಲ!

"ಇದು ಪ್ರೇಮದ ಕಥೆಯೇ ಅಲ್ಲ" ಎಂದರು ಅತ್ತೆ. ಎದುರುಮನೆ ಅಕ್ಕ, "ಯಾಕಲ್ಲ ಅಮ್ಮ? ಪ್ರೀತಿಸಿದ್ದಕ್ಕೇ ಅಲ್ವಾ ಅಷ್ಟು ನೋವಾದದ್ದು?" ಎಂದರು. ನಾನು ಅತ್ತೆಯ ಪಕ್ಷ. ಇಷ್ಟೆಲ್ಲ ಆದ ಮೇಲೆ ಒಪ್ಪಿಕೊಂಡಿದ್ದರೆ ಗಂಟೇನು ಹೋಗುತ್ತಿತ್ತು ಎಂದು ನನಗೂ ಸಿಟ್ಟು.

ಆ ಸಿಟ್ಟು ಜಗುಲಿಯಲ್ಲೇ ನಿಂತಿದ್ದರೆ ಚೆನ್ನಿತ್ತು. ಎರಡು ವರ್ಷದ ಮೇಲೆ ತಂಗಿಯ ಕಾಗದ ಬಂತು. ಅವಳಿಗೆ ನಿಶ್ಚಯವಾಗಿದ್ದ ಹುಡುಗನ ಕಡೆಯವರು ಹೆಚ್ಚು ವರದಕ್ಷಿಣೆಯ ಸಂಬಂಧ ಸಿಕ್ಕಿತೆಂದು ಬಿಟ್ಟುಹೋಗಿದ್ದರು. ಆ ಸಂಬಂಧ ಮುರಿದುಬಿದ್ದು ಹುಡುಗ ತಾನೇ ಬಂದು ಕೇಳುತ್ತಿದ್ದಾನೆ. ಅಪ್ಪ ಒಪ್ಪಿದ್ದಾರೆ. "ಅಕ್ಕ, ನನಗೆ ಇಷ್ಟವಿಲ್ಲ. ನೀನಾದರೂ ಅಪ್ಪನಿಗೆ ಬರಿ" ಎಂದಿದ್ದಳು.

ನಾನು ಅಪ್ಪನಿಗೆ ಬರೆಯಲಿಲ್ಲ. ಅವಳಿಗೇ ಬರೆದೆ: "ತಿರುಗಿ ಬಂದಿದ್ದಾನಲ್ಲ, ಒಪ್ಪಿಕೋ. ಎಲ್ಲ ಸುಖವಾಗಿ ಮುಗಿಯುತ್ತೆ." ಅವಳು ಒಪ್ಪಲಿಲ್ಲ. ಟೀಚರ್ ಟ್ರೈನಿಂಗ್ ಸೇರಿದಳು, ಕೆಲಸ ಹಿಡಿದಳು. ಒಂದು ವರ್ಷ ನನಗೆ ಕಾಗದವೇ ಇಲ್ಲ.

ಇದೆಲ್ಲ ಈಗ ನೆನಪಾಗಲು ಕಾರಣ ನನ್ನ ಮೊಮ್ಮಗಳು. ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಾಳೆ. ಮೊನ್ನೆ ರಜಕ್ಕೆ ಬಂದವಳು ಊಟಕ್ಕೆ ಕರೆದರೂ ಏಳದೆ ಏನೋ ಓದುತ್ತಿದ್ದಳು. ಕೇಳಿದರೆ, "ಸ್ಲ್ಯಾಶ್ ಅಜ್ಜಿ" ಎಂದಳು. ಅಮೆರಿಕದಲ್ಲಿ 1966ರಿಂದ 1969ರ ತನಕ 'ಸ್ಟಾರ್ ಟ್ರೆಕ್' ಎಂಬ ಟೀವಿ ಧಾರಾವಾಹಿ ಬರುತ್ತಿತ್ತಂತೆ. ಅದರ ಕ್ಯಾಪ್ಟನ್ ಕರ್ಕ್, ಅವನ ಗೆಳೆಯ ಸ್ಪಾಕ್. ಇವರಿಬ್ಬರ ನಡುವೆ ಪ್ರೀತಿ ಇದ್ದಿದ್ದರೆ ಎಂದು ನೋಡುಗರೇ, ಅದೂ ಹೆಚ್ಚಾಗಿ ಹೆಂಗಸರೇ, ಕಥೆ ಕಟ್ಟಿದರು. ಅಂಥ ಮೊದಲ ಕಥೆ 1974ರಲ್ಲಿ ಒಂದು ಸಣ್ಣ ಅಭಿಮಾನಿ ಪತ್ರಿಕೆಯಲ್ಲಿ ಅಚ್ಚಾಯಿತು. ಇಬ್ಬರ ಹೆಸರಿನ ನಡುವೆ ಹಾಕುವ ಓರೆ ಗೆರೆಯೇ ಸ್ಲ್ಯಾಶ್.

ಗಂಡಸು ಗಂಡಸು ಪ್ರೀತಿಸುವುದೇ? ನಾನು ಸಾರಿನ ಸೌಟು ಹಿಡಿದೇ ನಿಂತೆ. ಆದರೆ ಬಾಯಿಂದ ಬಂದ ಮಾತು ಬೇರೆಯೇ: "ಕೊನೇಗೆ ಇಬ್ಬರೂ ಚೆನ್ನಾಗಿರ್ತಾರೇನೆ?"

ಅವಳು ಬಿದ್ದುಬಿದ್ದು ನಕ್ಕಳು. "ಎಲ್ಲರೂ ಅದನ್ನೇ ಕೇಳೋದು ಅಜ್ಜಿ! ಅದಕ್ಕೇ ಕಥೆ ತಲೆಯಲ್ಲೇ ಬರೆದುಬಿಡ್ತಾರೆ, ಸುಖಾಂತ, ದುಃಖಾಂತ, ಯಾರಾದ್ರೂ ಸಾಯ್ತಾರಾ ಅಂತ." ಬರಣಿಗೆ ಮಾವಿನಕಾಯಿ, ನಿಂಬೆಕಾಯಿ ಎಂದು ಚೀಟಿ ಅಂಟಿಸುತ್ತೇವಲ್ಲ, ಹಾಗೆ. ಚೀಟಿ ಒಂದು, ಒಳಗೆ ಇನ್ನೊಂದು ಇದ್ದರೆ ಓದುಗರು ಸುಮ್ಮನಿರುವುದಿಲ್ಲವಂತೆ.

ಅವಳೇ ಇನ್ನೂ ಹೇಳಿದಳು. 1980ರಲ್ಲಿ ಅಮೆರಿಕದಲ್ಲಿ ಶುರುವಾದ ರೊಮ್ಯಾನ್ಸ್ ಲೇಖಕರ ಸಂಘ ಇಂಥ ಕಾದಂಬರಿಗೆ ಎರಡೇ ಲಕ್ಷಣ ಹೇಳಿತ್ತು: ನಡುವೆ ಪ್ರೇಮದ ಕಥೆ ಇರಬೇಕು, ಕೊನೆ ಮನಸ್ಸಿಗೆ ತೃಪ್ತಿ ಕೊಟ್ಟು ಭರವಸೆ ತುಂಬಬೇಕು. ಜ್ಯಾನಿಸ್ ರಾಡ್ವೇ ಎಂಬಾಕೆ ಅಲ್ಲಿಯ ಒಂದು ಊರಿನ 40ಕ್ಕೂ ಹೆಚ್ಚು ಓದುಗ ಹೆಂಗಸರನ್ನು ವಿಚಾರಿಸಿ 1984ರಲ್ಲಿ ಪುಸ್ತಕ ತಂದರು. ಹೆಚ್ಚಿನವರು ಗೃಹಿಣಿಯರು, ತಾಯಂದಿರು. ಪ್ರೇಮಕಥೆಗೆ ಮುಖ್ಯವಾಗಿ ಬೇಕಾದ್ದೇನು ಎಂದರೆ ಸುಖಾಂತ ಎಂದರಂತೆ. ಅವರಲ್ಲೂ ಕೊನೆಯನ್ನು ಮೊದಲೇ ಓದಿ ನೋಡುವವರಿದ್ದರು. ಅತ್ತೆಯವರು ಇದನ್ನು ಕೇಳಲು ಇರಬೇಕಿತ್ತು!

ತಪ್ಪೇನಿಲ್ಲ ಅನ್ನಿಸಿತು. ದಿನವೆಲ್ಲ ಇನ್ನೊಬ್ಬರ ಹೊಟ್ಟೆ, ಇನ್ನೊಬ್ಬರ ಬಟ್ಟೆ ನೋಡಿ ಸಿಗುವ ಅರ್ಧ ಗಂಟೆಯಲ್ಲಿ ಒಂದಿಷ್ಟು ಸಂತೋಷ ಖಾತ್ರಿಯಾಗಿ ಬೇಕು ಅನ್ನುವುದು ದುರಾಸೆಯಲ್ಲ. ಪುಸ್ತಕದಿಂದ ಕೇಳಬೇಕಾದ್ದನ್ನು ನಾನು ತಂಗಿಯಿಂದ ಕೇಳಿದೆನಲ್ಲ, ತಪ್ಪಾದದ್ದು ಅಲ್ಲಿ.

ಅಂದು ರಾತ್ರಿ ಅವಳಿಗೆ ಫೋನ್ ಮಾಡಿದೆ. ಈಗ ರಿಟೈರಾಗಿ ಸ್ವಂತ ಮನೆಯಲ್ಲಿದ್ದಾಳೆ. ಮನೆಮುಂದೆ ನಂದಬಟ್ಟಲು, ಹಿತ್ತಿಲಲ್ಲಿ ಕರಿಬೇವು. ಐವತ್ತು ವರ್ಷದ ಹಿಂದಿನ ಕಾಗದದ ಮಾತೆತ್ತಿ, "ನಿನಗೆ ಹಾಗೆ ಬರೀಬಾರದಿತ್ತು ಕಣೇ" ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ.

"ಆ ಕಾಗದ ಒಲೆಗೆ ಹಾಕ್ದೆ, ಆವತ್ತೇ" ಎಂದಳು. ಆಮೇಲೆ, "ನಿನ್ನದು ಯಾವಾಗ್ಲೂ ಹೀಗೇ ಅಕ್ಕ. ನನ್ನ ಕಥೆ ಇನ್ನೂ ನಡೀತಾ ಇದೆ, ನೀನು ಕೊನೇ ಪುಟ ಹುಡುಕ್ತೀಯ. ಈ ವಾರ ಹಪ್ಪಳ ಲಟ್ಟಿಸಬೇಕು, ಬರ್ತೀಯಾ?"

ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ಚೀಲದಲ್ಲಿ 'ಬೆಳ್ಳಿಮೋಡ' ಇಟ್ಟುಕೊಂಡಿದ್ದೇನೆ. ಈ ಸಲ ಮೊದಲ ಪುಟದಿಂದ ಓದಬೇಕು.